ಕ್ಯಾಮೆರಾ ಮುಂದೆ ಬೆಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಕುಬೆಕ್ಕನ್ನು ಸ್ಟುಡಿಯೊಗೆ ಒಯ್ದು ಫೋಟೊ ತೆಗೆಸಬೇಕೆಂದಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಸ್ನಾನ, ಅಲಂಕಾರದ ಬಗ್ಗೆ ಕೇಳಿದವರೇ ಹೆಚ್ಚು. ಆದರೆ ಫೋಟೊ ಕೆಡುವುದು ಹೆಚ್ಚಾಗಿ ಬೆಕ್ಕಿನ ಭಯದಿಂದ. ಹಾಗಾಗಿ ಅದಕ್ಕೆ ಸಂಬಂಧಿಸಿದ ಉತ್ತರಗಳು ಸ್ವಲ್ಪ ಉದ್ದವಾಗಿವೆ.

ಪ್ರಶ್ನೆ: ನಮ್ಮದು ಉದ್ದ ಕೂದಲಿನ ಪರ್ಷಿಯನ್. ಫೋಟೊಗೆ ಇನ್ನೂ ಮೂರು ವಾರ ಇದೆ. ಹಿಂದಿನ ದಿನ ಸ್ನಾನ ಮಾಡಿಸಿ, ಚೆನ್ನಾಗಿ ಬಾಚಿ ಕರೆದುಕೊಂಡು ಹೋದರೆ ಸಾಕಲ್ಲವೇ?

ಉತ್ತರ: ಹಿಂದಿನ ದಿನದ ಸ್ನಾನ ಬೇಡವೇ ಬೇಡ. ಶಾಂಪೂ ಹಾಕಿ ತೊಳೆದಾಗ ರೋಮದ ಸಹಜ ಎಣ್ಣೆಯಂಶ ಹೋಗಿಬಿಡುತ್ತದೆ. ಮರುದಿನ ಕೂದಲು ಹಾರಾಡುತ್ತದೆ, ಒಣಹವೆ ಇದ್ದರೆ ನಿಮಿರಿ ನಿಲ್ಲುತ್ತದೆ. ಸ್ಟುಡಿಯೊ ಬೆಳಕಿನಲ್ಲಿ ಅದೆಲ್ಲ ಎದ್ದು ಕಾಣುತ್ತದೆ. ಜೊತೆಗೆ, ನೀರಿಗೆ ಹೆದರಿದ ಬೆಕ್ಕು ಆ ಗಾಬರಿಯಿಂದ ಹೊರಬರುವ ಮೊದಲೇ ನೀವು ಅದನ್ನು ಇನ್ನೊಂದು ಅಪರಿಚಿತ ಜಾಗಕ್ಕೆ ಒಯ್ದಂತಾಗುತ್ತದೆ. ಗಿಡ್ಡ ಕೂದಲಿನ, ಆರೋಗ್ಯವಾಗಿರುವ ಬೆಕ್ಕಿಗಂತೂ ಸ್ನಾನದ ಅಗತ್ಯವೇ ಇಲ್ಲ. ನಿಮ್ಮ ಪರ್ಷಿಯನ್‌ಗೆ ಮಾಡಿಸಲೇಬೇಕೆಂದಿದ್ದರೆ ಮೂರು ನಾಲ್ಕು ದಿನ ಮೊದಲು ಮಾಡಿಸಿ. ಬೆಕ್ಕಿಗೆಂದೇ ತಯಾರಾದ ಶಾಂಪೂ ಇರಲಿ. ನಾಯಿಯ ಶಾಂಪೂ ಮುಟ್ಟಬೇಡಿ. ಉಣ್ಣಿ, ಚಿಗಟ ಹೋಗಲೆಂದು ನಾಯಿಗೆ ಬಳಸುವ ಕೆಲವು ಉತ್ಪನ್ನಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ.

ಸ್ನಾನಕ್ಕಿಂತ ಬಾಚುವುದು ಮುಖ್ಯ, ಅದನ್ನು ಇವತ್ತೇ ಶುರುಮಾಡಿ. ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಮೊದಲು ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಆಮೇಲೆ ಸಣ್ಣ ಹಲ್ಲಿನದು. ಮೇಲ್ಮೈ ನುಣ್ಣಗೆ ಕಂಡರೂ ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಿ. ಗಂಟು ಕಟ್ಟುವುದು ಅಲ್ಲೇ. ಗಂಟು ಸಿಕ್ಕರೆ ಅದರ ಬುಡವನ್ನು ಚರ್ಮದ ಹತ್ತಿರ ಎರಡು ಬೆರಳಲ್ಲಿ ಹಿಡಿದುಕೊಂಡು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬನ್ನಿ. ಹಾಗೆ ಹಿಡಿದರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಕತ್ತರಿ ಹಾಕಬೇಡಿ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟನ್ನು ಎತ್ತಿದಾಗ ಚರ್ಮವೂ ಅದರೊಳಗೆ ಎದ್ದು ಬಂದಿರುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೇವೆ. ಗಟ್ಟಿಯಾಗಿ ಅಂಟಿಕೊಂಡ ಗಂಟನ್ನು ಕ್ಲಿಪ್ಪರ್‌ನಲ್ಲಿ ತೆಗೆಸಬೇಕಾಗುತ್ತದೆ, ಅಲ್ಲಿ ಬೋಳು ಉಳಿಯುತ್ತದೆ. ಅಂಥದ್ದಿದ್ದರೆ ಈಗಲೇ ಫೋಟೊಗ್ರಾಫರ್‌ಗೆ ತಿಳಿಸಿ, ದಿನ ಮುಂದೂಡಿಸಿಕೊಳ್ಳಿ. ಸ್ನಾನ ಮಾಡಿಸುವುದಾದರೆ ಎಲ್ಲ ಗಂಟೂ ಬಿಡಿಸಿದ ಮೇಲೆಯೇ, ಏಕೆಂದರೆ ನೀರು ಬಿದ್ದ ಗಂಟು ಇನ್ನೂ ಬಿಗಿಯುತ್ತದೆ.

ಪರ್ಷಿಯನ್‌ಗೆ ಇನ್ನೊಂದು ಕೆಲಸವಿದೆ. ಮುಖ ಚಪ್ಪಟೆಯಾದ್ದರಿಂದ ಕಣ್ಣೀರು ಸರಿಯಾಗಿ ಒಳಗೆ ಇಳಿಯದೆ ಹೊರಗೆ ಹರಿದು ಕಂದು ಕಲೆ ಮಾಡುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ, ಮೂಗಿನ ಬದಿಯ ಮೂಲೆಯಿಂದ ಹೊರಕ್ಕೆ ಒರೆಸಿ. ಪ್ರತಿ ಕಣ್ಣಿಗೂ ಬೇರೆ ಹತ್ತಿ. ಇದನ್ನು ದಿನವೂ ಮಾಡಿದರೆ ಕಲೆ ತಿಳಿಯಾಗುತ್ತದೆ. ಫೋಟೊದ ದಿನ ಕೂತು ತಿಕ್ಕಿದರೆ ಕಣ್ಣು ಕೆಂಪಾಗುವುದಷ್ಟೇ. ಹಳದಿ ಅಥವಾ ಹಸಿರು ಕೀವು ಬರುತ್ತಿದ್ದರೆ ಮೊದಲು ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ಸಾಗಿಸುವ ಪೆಟ್ಟಿಗೆ ಕಂಡರೆ ಸಾಕು, ಮಂಚದ ಕೆಳಗೆ ಓಡುತ್ತಾಳೆ. ಅವಳನ್ನು ಸ್ಟುಡಿಯೊವರೆಗೆ ಒಯ್ಯುವುದು ಹೇಗೆ?

ಉತ್ತರ: ವೈದ್ಯರ ಬಳಿ ಹೋಗುವಾಗ ಮಾತ್ರ ಪೆಟ್ಟಿಗೆ ಹೊರಬಂದರೆ ಯಾವ ಬೆಕ್ಕೂ ಓಡುತ್ತದೆ. ಅದನ್ನು ಅಟ್ಟದಿಂದ ಇಳಿಸಿ, ಬಾಗಿಲು ಬಿಚ್ಚಿ ತೆಗೆದು, ಬೆಕ್ಕು ಮಲಗುವ ಕೋಣೆಯಲ್ಲೇ ಖಾಯಂ ಇಡಿ. ಒಳಗೆ ಅದು ಮಲಗಿದ ಹಳೆ ಟವೆಲ್ ಹಾಸಿ. ಟವೆಲ್ ಒಗೆಯಬೇಡಿ, ಅದರಲ್ಲಿರುವ ಅದರದೇ ವಾಸನೆಯೇ ಧೈರ್ಯ ಕೊಡುವುದು. ಮೊದಲ ವಾರ ಊಟದ ತಟ್ಟೆಯನ್ನು ಪೆಟ್ಟಿಗೆಯ ಪಕ್ಕ ಇಟ್ಟು, ಅದು ನಿರಾಳವಾಗಿ ತಿನ್ನತೊಡಗಿದ ಮೇಲೆ ಪೆಟ್ಟಿಗೆಯ ಬಾಯಿಯ ಹತ್ತಿರ, ಆಮೇಲೆ ಒಳಗೆ ಸರಿಸಿ. ಎರಡನೇ ವಾರ ಬಾಗಿಲನ್ನು ಮತ್ತೆ ಜೋಡಿಸಿ, ತಿನ್ನುತ್ತಿರುವಾಗಲೇ ಕೆಲವು ಕ್ಷಣ ಮುಚ್ಚಿ, ತಿಂದು ಮುಗಿಸುವ ಮೊದಲೇ ತೆರೆಯಿರಿ. ಮೂರನೇ ವಾರ ಮುಚ್ಚಿ, ಎತ್ತಿ, ಮನೆಯೊಳಗೆ ನಾಲ್ಕು ಹೆಜ್ಜೆ ನಡೆದು ಇಳಿಸಿ. ಯಾವ ಹಂತದಲ್ಲಾದರೂ ಹಿಂಜರಿದರೆ ಒಂದು ಹಂತ ಹಿಂದಕ್ಕೆ ಹೋಗಿ. ಹಿಡಿದು ತುರುಕಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು.

ಬೆಕ್ಕಿನ ಮುಖದ ಗ್ರಂಥಿಯಿಂದ ಬರುವ ಫೆರೊಮೋನ್ ಎಂಬ ವಾಸನೆಯ ರಾಸಾಯನಿಕವನ್ನು ಹೋಲುವ ಸ್ಪ್ರೇ ಬಳಸುವುದಾದರೆ ಬೆಕ್ಕು ಒಳಗಿಲ್ಲದಾಗ ಟವೆಲ್‌ಗೆ ಹೊಡೆದು ಸುಮಾರು 15 ನಿಮಿಷ ಬಿಡಿ. ಅದರಲ್ಲಿರುವ ಆಲ್ಕೋಹಾಲ್ ಆರದಿದ್ದರೆ ಆ ವಾಸನೆಗೇ ಬೆಕ್ಕು ದೂರ ಸರಿಯುತ್ತದೆ. ದಾರಿಯಲ್ಲಿ ಪೆಟ್ಟಿಗೆಯ ಮೇಲೆ ತೆಳುಬಟ್ಟೆ ಹೊದಿಸಿ, ಅಲುಗಾಡದಂತೆ ಇಡಿ.

ಪ್ರಶ್ನೆ: ಉಗುರು ಕತ್ತರಿಸಲೇಬೇಕೆ? ಫೋಟೊದಲ್ಲಿ ಕಾಣುವುದೇ ಇಲ್ಲವಲ್ಲ.

ಉತ್ತರ: ಕಾಣುವುದಕ್ಕಲ್ಲ, ಹಿಡಿದುಕೊಂಡವರ ಕೈಗೆ, ಹಿನ್ನೆಲೆಯ ಬಟ್ಟೆಗೆ, ಬೆಕ್ಕಿನ ಕಾಲಿಗೇ ಪೆಟ್ಟಾಗದಿರಲೆಂದು. ಚೂಪು ಉಗುರು ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಬೆಕ್ಕು ಗಾಬರಿಯಲ್ಲಿ ಎಳೆದುಕೊಳ್ಳುತ್ತದೆ. ಎರಡು ಮೂರು ದಿನ ಮೊದಲು ಕತ್ತರಿಸಿ. ಬೆಕ್ಕು ತೂಕಡಿಸುವಾಗ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳಿನ ಮೇಲೂ ಕೆಳಗಿನ ಮೆತ್ತೆಯ ಮೇಲೂ ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ಗುಲಾಬಿ ಬಣ್ಣದ ತ್ರಿಕೋನ ಕಾಣುತ್ತದೆ. ಅದು ರಕ್ತನಾಳವೂ ನರವೂ ಇರುವ ಭಾಗ. ಅದಕ್ಕಿಂತ ಮುಂದಿರುವ ಪಾರದರ್ಶಕ ಕೊಕ್ಕೆಯ ತುದಿಯನ್ನು ಮಾತ್ರ, ಒಂದೆರಡು ಮಿಲಿಮೀಟರ್, ತೆಗೆಯಿರಿ. ಸಾಮಾನ್ಯವಾಗಿ ಒಟ್ಟು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಒಳಬದಿಯ ಉಗುರು ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಸವೆಯದೆ ಬೆಳೆದಿರುತ್ತದೆ, ಅದನ್ನು ಮರೆಯಬೇಡಿ. ಒಂದೇ ಸಲಕ್ಕೆ ಎಲ್ಲ ಮುಗಿಸುವ ಹಟ ಬೇಡ. ರಕ್ತ ಬಂದರೆ ಮೆಕ್ಕೆಜೋಳದ ಪಿಷ್ಟದ ಪುಡಿ ಒತ್ತಿಹಿಡಿಯಿರಿ.

ಪ್ರಶ್ನೆ: ಊಟ ಕೊಟ್ಟು ಕರೆದೊಯ್ಯಬೇಕೋ, ಹಸಿವಿನಲ್ಲೋ?

ಉತ್ತರ: ದೊಡ್ಡ ಬೆಕ್ಕಾದರೆ ಹೊರಡುವ ಮೂರು ನಾಲ್ಕು ಗಂಟೆ ಮೊದಲು ಕೊನೆಯ ಊಟ. ಪ್ರಯಾಣದಲ್ಲಿ ವಾಂತಿಯಾಗುವುದು ತಪ್ಪುತ್ತದೆ, ಸ್ಟುಡಿಯೊದಲ್ಲಿ ತಿಂಡಿಯ ಆಸೆಗೆ ತಲೆ ಎತ್ತುತ್ತದೆ. ನೀರು ಯಾವಾಗಲೂ ಇರಲಿ. ಮರಿಗಳನ್ನು ಹಸಿದಿರಿಸಬೇಡಿ, ಮಧುಮೇಹ ಇರುವ ಬೆಕ್ಕಿನ ಊಟದ ಸಮಯ ಬದಲಿಸಬೇಡಿ. ‘ಚೆನ್ನಾಗಿ ಹಸಿದಿರಲಿ’ ಎಂದು ಹಿಂದಿನ ರಾತ್ರಿಯಿಂದಲೇ ಉಪವಾಸ ಹಾಕುವುದು ತಪ್ಪು. ಬೆಕ್ಕಿನ ದೇಹ ಉಪವಾಸ ತಡೆಯುವುದಿಲ್ಲ. ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ತಿಂಡಿಯನ್ನು ಬಟಾಣಿ ಕಾಳಿನಷ್ಟು ಚೂರು ಮಾಡಿಕೊಂಡು ಹೋಗಿ. ನೆಕ್ಕುವ ಪೇಸ್ಟ್ ಇದ್ದರೆ ಇನ್ನೂ ಒಳ್ಳೆಯದು. ಮೂಗಿನ ಮೇಲೆ ನಾಲಿಗೆ ಬಂದ ಫೋಟೊ ಸಿಗುವುದು ಅದರಿಂದಲೇ.

ಪ್ರಶ್ನೆ: ಕ್ಯಾಟ್‌ನಿಪ್ (ಬೆಕ್ಕಿಗೆ ಅಮಲೇರಿಸುವ ಪುದೀನಾ ಜಾತಿಯ ಗಿಡ) ಕೊಟ್ಟರೆ ಚುರುಕಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಆದರೆ ಉರುಳಾಡುತ್ತದೆ, ಜೊಲ್ಲು ಸುರಿಸುತ್ತದೆ. ಅದರ ಪರಿಣಾಮ ಹತ್ತು ಹದಿನೈದು ನಿಮಿಷದಲ್ಲಿ ಇಳಿದು, ಆಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮತ್ತೆ ಏರುವುದಿಲ್ಲ. ಎಲ್ಲ ಬೆಕ್ಕಿಗೂ ನಾಟುವುದೂ ಇಲ್ಲ, ಅದು ವಂಶವಾಹಿಯ ವಿಷಯ. ಗರಿ ಕಟ್ಟಿದ ಕೋಲು ಇದಕ್ಕಿಂತ ಎಷ್ಟೋ ವಾಸಿ. ಮನೆಯಲ್ಲಿ ಆಡಿ ಪರಿಚಯವಾದ ಕೋಲನ್ನೇ ಒಯ್ಯಿರಿ.

ಪ್ರಶ್ನೆ: ಹಿಂದಿನ ಸಲ ಸ್ಟುಡಿಯೊ ಮುಟ್ಟಿದ ಕೂಡಲೇ ಸೋಫಾ ಕೆಳಗೆ ಹೊಕ್ಕಿದವನು ಹೊರಗೇ ಬರಲಿಲ್ಲ. ಎಳೆದು ತಂದು ತೆಗೆಸಿದ ಫೋಟೊಗಳಲ್ಲಿ ಮುಖವೇ ಬೇರೆಯಾಗಿತ್ತು. ಈ ಸಲ ಏನು ಮಾಡಬೇಕು?

ಉತ್ತರ: ಮುಖ ಬೇರೆಯಾಗಿ ಕಂಡದ್ದು ಕಿವಿ ಮತ್ತು ಕಣ್ಣಿನ ಪಾಪೆಯಿಂದ. ಹೆದರಿದ ಬೆಕ್ಕಿನ ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುತ್ತವೆ, ಬೆಳಕಿದ್ದರೂ ಪಾಪೆ ಅರಳಿಕೊಂಡೇ ಇರುತ್ತದೆ, ಮೀಸೆ ಕೆನ್ನೆಗೆ ಅಂಟುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಸರಿಪಡಿಸುವುದಿಲ್ಲ.

ಈ ಸಲ ಮೊದಲೇ ಫೋಟೊಗ್ರಾಫರ್ ಬಳಿ ಮಾತಾಡಿ. ಕೋಣೆಯಲ್ಲಿ ಕೈಗೆಟುಕದ ಸಂದುಗಳನ್ನೆಲ್ಲ ಮುಚ್ಚಿಸಿ, ಬದಲಿಗೆ ನಿಮ್ಮ ಪೆಟ್ಟಿಗೆಯನ್ನೇ ಅಡಗುತಾಣವಾಗಿ ಬಾಗಿಲು ತೆರೆದಿಡಿ. ಕಿಟಕಿ, ಬಾಗಿಲು ಭದ್ರವಾಗಿರಲಿ. ಹಿಂದಿನ ಗಂಟೆಯಲ್ಲಿ ನಾಯಿ ಬಂದುಹೋಗಿದ್ದರೆ ನೆಲ ಒರೆಸಿರಬೇಕು. ಆದಷ್ಟೂ ದಿನದ ಮೊದಲ ಸಮಯ ಕೇಳಿಕೊಳ್ಳಿ. ದೀಪ, ಬೆಳಕು ಹರಡುವ ಛತ್ರಿ, ಸ್ಟ್ಯಾಂಡ್ ಎಲ್ಲ ಬೆಕ್ಕು ಬರುವ ಮೊದಲೇ ಜೋಡಿಸಿರಬೇಕು, ಏಕೆಂದರೆ ತಲೆಯ ಮೇಲೆ ಛತ್ರಿ ತೆರೆದುಕೊಂಡರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು. ಹಿನ್ನೆಲೆಯ ಕಾಗದ ಜಾರುತ್ತದೆ, ಸದ್ದೂ ಮಾಡುತ್ತದೆ. ಅದರ ಮೇಲೆ ಅದೇ ಬಣ್ಣದ ಒರಟು ಬಟ್ಟೆ ಹಾಸಿಸಿ. ಕಾಲೂರಲು ಹಿಡಿತ ಸಿಗದ ಕಡೆ ಬೆಕ್ಕು ಕೂರುವುದಿಲ್ಲ. ನೆಲಕ್ಕಿಂತ ಎತ್ತರದ ಅಗಲ ಪೀಠ ಅದಕ್ಕೆ ಇಷ್ಟ, ಕೆಳಗೆ ಧುಮುಕುವ ಮುನ್ನ ಯೋಚಿಸುತ್ತದೆ ಕೂಡ.

ಬಂದ ಮೇಲೆ ಕನಿಷ್ಠ 20 ನಿಮಿಷ ಯಾರೂ ಮುಟ್ಟಬೇಡಿ. ತಾನಾಗಿ ಹೊರಬಂದು ಮೂಲೆ ಮೂಲೆ ಮೂಸಿ, ಪೀಠಕ್ಕೆ ಕೆನ್ನೆ ಉಜ್ಜಿದರೆ ಶುರುಮಾಡಬಹುದು. ಕ್ಯಾಮೆರಾದ ಹಿಂದೆ ಒಬ್ಬರೇ ಕರೆಯಲಿ. ನಾಲ್ಕು ಕಡೆಯಿಂದ ಕರೆದರೆ ಎಲ್ಲಿ ನೋಡಬೇಕೆಂದು ತಿಳಿಯದೆ ಕೆಳಗಿಳಿಯುತ್ತದೆ. ಅದರತ್ತ ಕಣ್ಣನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಿರಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರಿಸಿದ್ದು ಕಂಡುಬಂದಿದೆ. ಕಾಗದ ಪರಪರ ಎನಿಸುವುದು, ಇಲಿಯಂತೆ ಕೀಚ್ ಎನ್ನುವುದು ಮೂರು ನಾಲ್ಕು ಸಲಕ್ಕೆ ಹಳತಾಗುತ್ತದೆ. ಫೋಟೊಗ್ರಾಫರ್ ಬೆರಳು ಗುಂಡಿಯ ಮೇಲಿದ್ದಾಗ ಮಾತ್ರ ಸದ್ದು ಮಾಡಿ. ಹತ್ತು ನಿಮಿಷ ಕೆಲಸ, ಐದು ನಿಮಿಷ ಬಿಡುವು. ಬಾಲ ಪಟಪಟ ಬಡಿದರೆ ಬಿಡುವು ಬೇಕೆಂದರ್ಥ. ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ನಿಲ್ಲಿಸಿ, ಕತ್ತಲೆಯ ತಂಪು ಕೋಣೆಗೆ ಒಯ್ಯಿರಿ. ಬೇಗ ಇಳಿಯದಿದ್ದರೆ ವೈದ್ಯರ ಬಳಿ ಹೋಗಬೇಕು. ಶಾಂತವಾಗಿರಲಿ ಎಂದು ಮನುಷ್ಯರ ಯಾವ ಮಾತ್ರೆಯನ್ನೂ ಕೊಡಬೇಡಿ.

ಪ್ರಶ್ನೆ: ಫ್ಲ್ಯಾಶ್‌ನಿಂದ ಕಣ್ಣಿಗೆ ತೊಂದರೆಯೇ? ಕಣ್ಣು ಹಸಿರಾಗಿ ಹೊಳೆಯುವುದೇಕೆ?

ಉತ್ತರ: ರೆಟಿನಾದ ಹಿಂದೆ ಬೆಳಕನ್ನು ಮರಳಿಸುವ ಪದರವೊಂದಿದೆ, ಹೊಳಪು ಅದರದ್ದು. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಮರಳಿದ ಬೆಳಕು ನೇರ ಕ್ಯಾಮೆರಾಕ್ಕೆ ಬರುತ್ತದೆ. ಫ್ಲ್ಯಾಶನ್ನು ಪಕ್ಕಕ್ಕೆ, ಮೇಲಕ್ಕೆ ಸರಿಸಿ, ಬೆಳಕನ್ನು ಹರಡುವ ಸಾಫ್ಟ್‌ಬಾಕ್ಸ್ ಹಾಕಿದರೆ ಹೊಳಪೂ ಹೋಗುತ್ತದೆ, ಬೆಕ್ಕಿಗೂ ಹಿತ. ದೊಡ್ಡ ಬೆಕ್ಕಿನ ಆರೋಗ್ಯವಾದ ಕಣ್ಣಿಗೆ ಹೀಗೆ ಹರಡಿದ ಬೆಳಕಿನಿಂದ ಹಾನಿಯಿಲ್ಲ. ಆಗತಾನೆ ಕಣ್ಣು ಬಿಟ್ಟ ಮರಿಗಳಿಗೆ ಮಾತ್ರ ಬೇಡ. ಪಾಪೆ ಗೆರೆಯಾಗಬೇಕೋ ಗುಂಡಗಾಗಬೇಕೋ ಎಂಬುದನ್ನು ಫ್ಲ್ಯಾಶ್ ನಿರ್ಧರಿಸುವುದಿಲ್ಲ, ಪಾಪೆ ಕಿರಿದಾಗುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ಅದು ಕೋಣೆಯ ಬೆಳಕಿನ ಕೆಲಸ. ಕಣ್ಣಿನ ಬಣ್ಣ ಕಾಣಬೇಕೆಂದರೆ ಕೋಣೆಯ ದೀಪ ಹೆಚ್ಚಿಸಲು ಹೇಳಿ.

ಪ್ರಶ್ನೆ: ಮನೆಯಲ್ಲಿ ಕಪ್ಪು ಬೆಕ್ಕು ಒಂದು, ಬಿಳಿ ಬೆಕ್ಕು ಒಂದು. ಕಿಟಕಿ ಬೆಳಕಿನಲ್ಲಿ ನಾನೇ ತೆಗೆದರೆ ಎರಡೂ ಬೂದು ಬಣ್ಣಕ್ಕೆ ಬರುತ್ತವೆ.

ಉತ್ತರ: ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡು ಬೂದಿಗೆ ತರಲು ನೋಡುತ್ತದೆ. ಚೌಕಟ್ಟು ತುಂಬ ಕಪ್ಪು ಬೆಕ್ಕಿದ್ದರೆ, ಫೋಟೊದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ –0.7ರಿಂದ –1ರವರೆಗೆ ಇಳಿಸಿ, ಬಿಳಿಗೆ ಅಷ್ಟೇ ಏರಿಸಿ. ಕಪ್ಪು ರೋಮದ ಎಳೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಅಥವಾ ತುಸು ಹಿಂದಿನಿಂದ ಬರಲಿ. ಬಿಳಿ ಬೆಕ್ಕನ್ನು ಬಣ್ಣದ ಗೋಡೆ, ಹುಲ್ಲಿನಿಂದ ದೂರವಿಡಿ, ಅವುಗಳ ಛಾಯೆ ರೋಮದ ಮೇಲೆ ಬೀಳುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ, ಎಫ್/1.8 ಇಟ್ಟರೆ ಕಣ್ಣು ಸ್ಫುಟವಾಗಿ ಮೂಗು ಮಸುಕಾಗುತ್ತದೆ. ಎಫ್/4 ಅಥವಾ 5.6 ಇರಲಿ, ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಕೂತಿದ್ದರೆ ಶಟರ್ 1/250, ಆಡುತ್ತಿದ್ದರೆ 1/1000 ಸೆಕೆಂಡ್. ನೀವು ನೆಲದ ಮೇಲೆ ಮಲಗಿ, ಲೆನ್ಸ್ ಅದರ ಕಣ್ಣಿನ ಮಟ್ಟಕ್ಕೆ ಬರಬೇಕು.

ಪ್ರಶ್ನೆ: ಶಸ್ತ್ರಚಿಕಿತ್ಸೆಗೆಂದು ಸಯಾಮಿ ಬೆಕ್ಕಿನ ಹೊಟ್ಟೆಯ ಪಕ್ಕ ಬೋಳಿಸಿದ್ದರು. ಈಗ ಅಲ್ಲಿ ಕಡುಬಣ್ಣದ ಕೂದಲು ಬರುತ್ತಿದೆ. ಕಾಯಿಲೆಯೇ?

ಉತ್ತರ: ಅಲ್ಲ. ಸಯಾಮಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ತಂಪು ಜಾಗದಲ್ಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಿವಿ, ಮುಖ, ಪಾದ, ಬಾಲ ಕಪ್ಪಾಗಿರುವುದೂ ಅದರಿಂದಲೇ. ಕೂದಲಿಲ್ಲದ ಚರ್ಮ ತಂಪಾದ್ದರಿಂದ ಅಲ್ಲೂ ಕಪ್ಪು ಬಂದಿದೆ. ಈ ಕೂದಲು ಉದುರಿ ಹೊಸದು ಬಂದಾಗ ಸರಿಹೋಗುತ್ತದೆ, ಆದರೆ ತಿಂಗಳುಗಳೇ ಹಿಡಿಯುತ್ತವೆ. ಕಾಯಲಾಗದಿದ್ದರೆ ಇನ್ನೊಂದು ಪಕ್ಕದಿಂದ ತೆಗೆಸಿ.

ಪ್ರಶ್ನೆ: ಹೂವು, ರಿಬ್ಬನ್ ಇಟ್ಟು ಅಲಂಕರಿಸಬಹುದೇ?

ಉತ್ತರ: ಲಿಲ್ಲಿ ಹೂವು ಕೋಣೆಯೊಳಗೇ ಬರಕೂಡದು. ಅದರ ಎಲೆ, ದಳ, ಹೂದಾನಿಯ ನೀರು, ರೋಮಕ್ಕೆ ಅಂಟಿ ನೆಕ್ಕಿದ ಪರಾಗ ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ತಿಂದ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ವೈದ್ಯರ ಬಳಿ ಓಡಿ. ರಿಬ್ಬನ್, ದಾರ ನುಂಗಿದರೆ ಕರುಳು ಮಡಿಚಿಕೊಂಡು ಕೊಯ್ದುಹೋಗಬಹುದು. ಬಾಯಿಂದಲೋ ಹಿಂದಿನಿಂದಲೋ ತುದಿ ಕಂಡರೆ ಎಳೆಯಬೇಡಿ, ಹಾಗೇ ಕರೆದೊಯ್ಯಿರಿ. ಬೋ ಕಟ್ಟುವುದಾದರೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊರಳಪಟ್ಟಿಗೆ ಹೊಲಿದ ಬಟ್ಟೆಯದು ಇರಲಿ. ಒಂದು ವಾರ ಮೊದಲಿನಿಂದ ದಿನಕ್ಕೆ ಕೆಲವು ನಿಮಿಷ ಹಾಕಿ ರೂಢಿಮಾಡಿಸಿ. ಅದು ಹಾಕಿದೊಡನೆ ಬೆಕ್ಕು ಹೆಜ್ಜೆ ಇಡದೆ ಕುಸಿದು ಕೂರುತ್ತಿದ್ದರೆ ತೆಗೆದುಬಿಡಿ. ದಿನವೂ ಕೊರಳಪಟ್ಟಿ ಹಾಕುವ ಬೆಕ್ಕಿಗೆ ಹಿಂದಿನ ಸಂಜೆಯೇ ಬಿಚ್ಚಿ, ಅಲ್ಲಿ ಕೂತ ಕೂದಲನ್ನು ಬಾಚಿ ಎಬ್ಬಿಸಿ.