ಪದ ಗೊತ್ತು, ವಾಕ್ಯ ಬರೋದಿಲ್ಲ

ಪ್ರಶ್ನೆ: ಮಗಳು ಏಳನೇ ತರಗತಿ. ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಅಂತ ಕೊಟ್ಟರೆ ಎಲ್ಲಾ ಪದಕ್ಕೂ ಒಂದೇ ಅಚ್ಚು. ಮೊನ್ನೆ ‘ರಾಮನು ನಿಟ್ಟುಸಿರು ನೋಡಿದನು’ ಅಂತ ಬರೆದಿದ್ದಾಳೆ! ಅರ್ಥ ಕೇಳಿದರೆ ಪಟಪಟ ಹೇಳುತ್ತಾಳೆ. ಏನು ಮಾಡೋದು ಸಾರ್?
– ಓದುಗರೊಬ್ಬರು, ಹಾಸನ

ಉತ್ತರ: ಬೈಯಬೇಡಿ ಅಮ್ಮಾ. ಅವಳು ಕಲಿತಿರೋದು ಅರ್ಥ ಮಾತ್ರ, ಬಳಕೆ ಅಲ್ಲ. ಕನ್ನಡದಲ್ಲಿ ಎಷ್ಟೋ ಪದಗಳು ಒಂದು ಗೊತ್ತಾದ ಕ್ರಿಯಾಪದದ ಜೊತೆಗೇ ಬರುತ್ತವೆ. ನಿಟ್ಟುಸಿರು ಬಿಡುತ್ತೇವೆ, ಮೆಲುಕು ಹಾಕುತ್ತೇವೆ, ತಗಾದೆ ತೆಗೆಯುತ್ತೇವೆ, ಪಣ ತೊಡುತ್ತೇವೆ. ಹಾಗಾಗಿ ನೋಟ್ ಬುಕ್ಕಿನಲ್ಲಿ ‘ಪಣ’ ಅಂತ ಒಂಟಿಯಾಗಿ ಬರೆಸಬೇಡಿ, ‘ಪಣ ತೊಡು’ ಅಂತಲೇ ಬರೆಸಿ.

ಆಮೇಲೆ ವಾಕ್ಯದ ವಿಷಯ. ‘ರೈತನು ಕಂಗಾಲಾದನು’ ಅನ್ನೋದರಲ್ಲಿ ವ್ಯಾಕರಣದ ತಪ್ಪಿಲ್ಲ, ಅಂಕವೂ ಸಿಗಬಹುದು. ಆದರೆ ‘ಕಂಗಾಲಾದನು’ ತೆಗೆದು ‘ಶ್ರೀಮಂತನಾದನು’ ಅಂತ ಹಾಕಿದರೂ ಅದು ಸರಿಯಾಗೇ ಇರುತ್ತದೆ, ಅಲ್ವಾ? ಅಂದರೆ ಮಗುವಿಗೆ ಪದ ಗೊತ್ತಿದೆಯೋ ಇಲ್ಲವೋ ಆ ವಾಕ್ಯದಿಂದ ತಿಳಿಯೋದೇ ಇಲ್ಲ. ‘ಭತ್ತ ಕೊಯ್ಲಿಗೆ ಬಂದ ಹೊತ್ತಿಗೇ ಆಲಿಕಲ್ಲು ಮಳೆ ಸುರಿದು ರೈತ ಕಂಗಾಲಾದ’ ಅಂತ ಬರೆದು ನೋಡಿ, ಅಲ್ಲಿ ಶ್ರೀಮಂತನಿಗೆ ಜಾಗವಿಲ್ಲ. ಯಾಕೆ ಹಾಗಾಯಿತು ಅನ್ನೋದು ವಾಕ್ಯದೊಳಗೇ ಬರಲಿ. ಈ ರಾಮನನ್ನೂ ಸ್ವಲ್ಪ ದಿನ ಬಿಡಿ, ಮನೆಯವರ ಬಗ್ಗೆ ಬರೆಸಿ: ‘ಟೊಮೆಟೊ ರೇಟು ಕೇಳಿ ಅಮ್ಮ ನಿಟ್ಟುಸಿರು ಬಿಟ್ಟಳು.’ ಮಕ್ಕಳಿಗೆ ಇಂಥದ್ದು ಬರೆಯೋಕೆ ಖುಷಿ ಜಾಸ್ತಿ.

ಪ್ರಶ್ನೆ: ಹಳೇ ಕಾದಂಬರಿಯಲ್ಲಿ ‘ಮಿಂದು’ ಅಂತ ಸಿಕ್ಕಿತು. ನಿಘಂಟಿನಲ್ಲಿ ಹುಡುಕಿ ಸಾಕಾಯಿತು.
– ಓದುಗರೊಬ್ಬರು, ಬಳ್ಳಾರಿ

ಉತ್ತರ: ‘ಮೀ’ ಅಥವಾ ‘ಮೀಯು’ ಅಂತ ಹುಡುಕಿ. ಸ್ನಾನ ಮಾಡು ಅಂತ ಅರ್ಥ, ಕರಾವಳಿ ಕಡೆ ಇವತ್ತಿಗೂ ಆಡುಮಾತಿನಲ್ಲಿದೆ. ನಿಘಂಟಿನಲ್ಲಿ ಇರೋದು ಕ್ರಿಯಾಪದದ ಮೂಲ ರೂಪ, ನಮಗೆ ಓದುವಾಗ ಸಿಗೋದು ಬದಲಾದ ರೂಪ, ಅದಕ್ಕೇ ಈ ಪರದಾಟ. ನೊಂದು ಅಂದರೆ ನೋಯು, ಬೆಂದು ಅಂದರೆ ಬೇಯು, ನಕ್ಕು ಅಂದರೆ ನಗು, ಹೊಕ್ಕು ಅಂದರೆ ಹೊಗು. ಇದೇ ಜಾಡು ಹಿಡಿದರೆ ಬೇಕಾದಷ್ಟು ಪದ ಸಿಗುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನೂ ತೆರೆದು ನೋಡಿ. ಅರ್ಥ ಇಂಗ್ಲಿಷಿನಲ್ಲಿದ್ದರೂ ಹಳೇ ಕಾವ್ಯ, ಗಾದೆಗಳಿಂದ ಬಳಕೆ ಕೊಟ್ಟಿದ್ದಾರೆ. ನನಗೆ ಅರ್ಥಕ್ಕಿಂತ ಅದೇ ಇಷ್ಟ.

ಪ್ರಶ್ನೆ: ಕಲಿತ ಪದ ವಾರದೊಳಗೆ ಮರೆತುಹೋಗುತ್ತದೆ. ವಯಸ್ಸಾಯಿತೇನೋ!
– ಓದುಗರೊಬ್ಬರು, ಶಿರಸಿ

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನೋರು ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದರು. ಅವರು ಕಂಡಿದ್ದೂ ಇದೇ: ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ಆಗ ಅವರಿಗಿನ್ನೂ ನಲವತ್ತೂ ತುಂಬಿರಲಿಲ್ಲ! ಆದ್ದರಿಂದ ಮಾರನೇ ದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಆ ಪದಕ್ಕೆ ಬನ್ನಿ. ಸುಮ್ನೆ ಅರ್ಥ ಓದಿಕೊಳ್ಳಬೇಡಿ, ಪ್ರತಿ ಸಲ ಹೊಸ ವಾಕ್ಯ ಮಾಡಿ. ದಿನಕ್ಕೆ ಎರಡು ಪದ ಸಾಕು.