ಪಂಪ್‌ಸೆಟ್ ವ್ಯಾಪಾರಕ್ಕೆ ಜೆನರೇಟಿವ್ ಎಐ: ಯಾವ ಕೆಲಸಕ್ಕೆ ಸೈ, ಯಾವುದಕ್ಕೆ ಬೇಡ?

‘ನಮ್ಮದು ದಾವಣಗೆರೆಯಲ್ಲಿ ಪಂಪ್‌ಸೆಟ್ ಮತ್ತು ಬಿಡಿಭಾಗಗಳ ಸಗಟು ವ್ಯಾಪಾರ. ಜೆನರೇಟಿವ್ ಎಐ ಹಾಕಿಸೋಣ ಎಂದು ಮಗ ಹಠ ಹಿಡಿದಿದ್ದಾನೆ. ಸ್ಟಾಕ್ ಅಂದಾಜು, ಜಿಎಸ್‌ಟಿ ತಾಳೆ, ಗ್ರಾಹಕರಿಗೆ ಉತ್ತರಿಸುವ ಚಾಟ್‌ಬಾಟ್ ಎಲ್ಲವೂ ಆಗುತ್ತದಂತೆ. ನಿಜವಾಗಿ ಯಾವುದಕ್ಕೆ ಉಪಯೋಗ?’ ಎಂದು ಕೇಳಿದ್ದೀರಿ.

ವರ್ತಕರಿಗೆ ಬಿಲ್ಲಿಂಗ್ ವ್ಯವಸ್ಥೆ ಹೊಂದಿಸಿಕೊಡುವುದು ನನ್ನ ಕಸುಬು. ನೀವು ಹೆಸರಿಸಿದ ಮೂರರಲ್ಲಿ ಒಂದಕ್ಕೂ ನಾನು ಜೆನರೇಟಿವ್ ಎಐ, ಅಂದರೆ ಕೇಳಿದ್ದಕ್ಕೆ ತಾನೇ ಬರಹ ರಚಿಸಿಕೊಡುವ ಕೃತಕ ಬುದ್ಧಿಮತ್ತೆ, ಹಾಕಿಸುವುದಿಲ್ಲ. ನೀವು ಕೇಳದೆ ಬಿಟ್ಟ ನಾಲ್ಕನೆಯ ಕೆಲಸವೊಂದಿದೆ, ಅದಕ್ಕೆ ಹಾಕಿಸುತ್ತೇನೆ.

ಮೊದಲು ಆ ಮೂರನ್ನು ಮುಗಿಸುತ್ತೇನೆ. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಇಳಿದಾಗ ಸಬ್‌ಮರ್ಸಿಬಲ್ ಮೋಟಾರಿಗೆ ಬೇಡಿಕೆ ಏರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಳೆದ ಮೂರು ವರ್ಷಗಳ ತಿಂಗಳವಾರು ಮಾರಾಟವನ್ನು ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಮುಂದೆ ಯಾವ ಪದ ಬರಬಹುದು ಎಂದು ಊಹಿಸುತ್ತ ವಾಕ್ಯ ಕಟ್ಟುವ ಯಂತ್ರಕ್ಕೆ ಈ ಲೆಕ್ಕ ಒಪ್ಪಿಸಿದರೆ ಸರಿಯಾದ ಅಂಕಿಯನ್ನು ಬರೆಯುವ ಠೀವಿಯಲ್ಲೇ ತಪ್ಪು ಅಂಕಿಯನ್ನೂ ಬರೆದುಕೊಡುತ್ತದೆ. ಜಿಎಸ್‌ಟಿ ತಾಳೆಯೂ ಅಷ್ಟೇ. ಸರಬರಾಜುದಾರರು ಸಲ್ಲಿಸಿದ ಬಿಲ್‌ಗಳಿಂದ ಸಿದ್ಧವಾಗಿ ತಿಂಗಳ 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನು ಖರೀದಿ ಪುಸ್ತಕದೊಂದಿಗೆ ಹೋಲಿಸಲು ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ ಸಂಖ್ಯೆ, ತೆರಿಗೆ ಮೊತ್ತ ಸಾಕು. ಹೊಂದಿತೇ ಇಲ್ಲವೇ ಎಂದು ಹೇಳಲು ಕಲ್ಪನಾಶಕ್ತಿ ಬೇಕಾಗಿಲ್ಲ. ತಾಳೆಯಾಗದ ಬಿಲ್‌ಗಳ ಬಗ್ಗೆ ಸರಬರಾಜುದಾರರಿಗೆ ಖಾರವಾದ ಪತ್ರ ಬರೆಯಬೇಕಿದ್ದರೆ ಎಐ ಬಳಸಿ, ಚೆನ್ನಾಗಿ ಬರೆಯುತ್ತದೆ.

ಚಾಟ್‌ಬಾಟ್ ವಿಚಾರದಲ್ಲಿ ಏರ್ ಕೆನಡಾದ ಪ್ರಕರಣವನ್ನು ನಿಮ್ಮ ಮಗನಿಗೆ ಹೇಳಿ. ಅಜ್ಜಿ ತೀರಿಕೊಂಡಿದ್ದ ಪ್ರಯಾಣಿಕರೊಬ್ಬರಿಗೆ ಆ ವಿಮಾನಯಾನ ಸಂಸ್ಥೆಯ ಚಾಟ್‌ಬಾಟ್, ಟಿಕೆಟ್ ಕೊಂಡ ನಂತರವೂ 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದಿತ್ತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ಸಂಸ್ಥೆ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಸುಮಾರು 812 ಕೆನಡಿಯನ್ ಡಾಲರ್ ಕೊಡುವಂತೆ ಆದೇಶಿಸಿತು. ನಿಮ್ಮ ಅಂಗಡಿಯ ಬಾಟ್ ರಾತ್ರಿ ಹನ್ನೊಂದಕ್ಕೆ ರೈತರೊಬ್ಬರಿಗೆ ‘ವೈಂಡಿಂಗ್ ಸುಟ್ಟಿದ್ದರೂ ವಾರಂಟಿ ಇದೆ’ ಎಂದುಬಿಟ್ಟರೆ ಮರುದಿನ ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಉತ್ತರ ಕೊಡಬೇಕಾದವರು ನೀವೇ.

ಇನ್ನು ನಾಲ್ಕನೆಯ ಕೆಲಸ. ಹರಿಹರ, ಚನ್ನಗಿರಿ, ಜಗಳೂರು ಕಡೆಯ ಮೆಕ್ಯಾನಿಕ್‌ಗಳು ನಿಮಗೆ ಆರ್ಡರ್ ಹೇಗೆ ಕಳುಹಿಸುತ್ತಾರೆ? ನಾನು ಕಂಡ ಇಂಥ ಅಂಗಡಿಗಳಲ್ಲೆಲ್ಲ ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ. ‘ಅಣ್ಣಾ, ಹೋದ ವಾರ ಕೊಟ್ಟ ಸೀಲ್ ಇನ್ನೂ ನಾಲ್ಕು, ಎರಡೂವರೆ ಎಂಎಂ ಕೇಬಲ್ ಒಂದು ಸುರುಳಿ’ ಎನ್ನುತ್ತಾರೆ, ಹಿನ್ನೆಲೆಯಲ್ಲಿ ಟ್ರ್ಯಾಕ್ಟರ್ ಸದ್ದು. ನಿಮ್ಮ ಗುಮಾಸ್ತರು ಅದನ್ನು ಮತ್ತೆ ಮತ್ತೆ ಕೇಳಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶಕ್ಕೆ ಇಳಿಸುತ್ತಾರೆ. ಜೆನರೇಟಿವ್ ಎಐ ಹೇಳಿಮಾಡಿಸಿದಂತೆ ಹೊಂದುವುದು ಇಲ್ಲಿ: ಒಳಬರುವುದು ಅಡ್ಡಾದಿಡ್ಡಿ ಮಾತು, ಹೊರಬರಬೇಕಾದದ್ದು ಆರ್ಡರಿನ ಕರಡು. ತಪ್ಪಾದರೆ ಬಿಲ್ ಮಾಡುವ ಮುನ್ನ ಗುಮಾಸ್ತರ ಕಣ್ಣಿಗೆ ಬೀಳುತ್ತದೆ. ಕೇಳಿ ಬರೆದುಕೊಳ್ಳುವುದಕ್ಕಿಂತ ಓದಿ ತಿದ್ದುವುದಕ್ಕೆ ಸಮಯ ಕಡಿಮೆ ಸಾಕು, ಲಾಭವಿರುವುದು ಅದರಲ್ಲಿ.

ಆದರೆ ‘ಹೋದ ವಾರ ಕೊಟ್ಟ ಸೀಲ್’ ಯಾವುದೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಸಂದೇಶದ ಜೊತೆಗೆ ಆ ಗ್ರಾಹಕರ ಇತ್ತೀಚಿನ ಬಿಲ್‌ಗಳನ್ನೂ ನಿಮ್ಮ ಸರಕಿನ ಪಟ್ಟಿಯನ್ನೂ ಕೊಡಬೇಕು. ಪಟ್ಟಿಯಲ್ಲಿರುವ ಕೋಡ್‌ಗಳಿಂದಲೇ ಆರಿಸಬೇಕು, ಅನುಮಾನವಿದ್ದರೆ ಜಾಗ ಖಾಲಿ ಬಿಡಬೇಕು ಎಂದು ಯಂತ್ರಕ್ಕೆ ಕೊಡುವ ಸೂಚನೆಯಲ್ಲಿ ಕಟ್ಟುನಿಟ್ಟಾಗಿ ಬರೆಯಬೇಕು. ಆರಿಸಿದ ಕೋಡ್ ಪಟ್ಟಿಯಲ್ಲಿ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ಮಾತ್ರ ಎಐಗೆ ಬಿಡದೆ ಸಾಮಾನ್ಯ ಪ್ರೋಗ್ರಾಮಿಗೆ ವಹಿಸಿ. ಬೆಲೆ, ರಿಯಾಯಿತಿ, ತೆರಿಗೆ ಎಂದಿನಂತೆ ಟ್ಯಾಲಿಯಿಂದಲೇ ಬರಲಿ.

ಪರೀಕ್ಷೆಗೆ ಬೇಕಾದ ಸಾಮಗ್ರಿ ನಿಮ್ಮ ಬಳಿಯೇ ಇದೆ. ಕಳೆದ ತಿಂಗಳ ಧ್ವನಿ ಸಂದೇಶಗಳನ್ನು ಯಂತ್ರಕ್ಕೆ ಕೊಟ್ಟು, ಅದು ಬರೆದದ್ದನ್ನು ನೀವು ಆಗ ಮಾಡಿದ ಬಿಲ್‌ಗಳೊಂದಿಗೆ ಹೋಲಿಸಿ. ‘ಒಂದೂವರೆ ಎಚ್‌ಪಿ’, ‘ಎರಡೂವರೆ ಎಂಎಂ’ ಎಂಬಂಥ ಅಳತೆಗಳನ್ನು ವಿಶೇಷವಾಗಿ ನೋಡಿ. ಮಾರಲು ಬಂದ ಕಂಪನಿಯವರು ತಮ್ಮದೇ ಸ್ಪಷ್ಟ ಧ್ವನಿಯಲ್ಲಿ ಮಾಡಿ ತೋರಿಸುವ ಡೆಮೊಗೆ ನಾನು ಕವಡೆಯ ಬೆಲೆಯನ್ನೂ ಕೊಡುವುದಿಲ್ಲ. ಹಾಗೆಯೇ, ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆ, ಬಾಕಿ ಲೆಕ್ಕವನ್ನು ಯಾರದೋ ಉಚಿತ ಖಾತೆಗೆ ಸುರಿಯಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಆರ್ಡರ್ ಗುರುತಿಸಲು ಗ್ರಾಹಕರ ಕೋಡ್ ಇದ್ದರೆ ಸಾಕು.

ಖರ್ಚು ಬಹಳ ಮಂದಿ ಅಂದುಕೊಂಡ ಕಡೆ ಇರುವುದಿಲ್ಲ. ಧ್ವನಿ ಸಂದೇಶಗಳನ್ನು ಯಂತ್ರಕ್ಕೆ ಕೊಟ್ಟು ಬರೆಸುವುದು ಅಗ್ಗ. ಶ್ರಮವೆಲ್ಲ ಸರಕಿನ ಪಟ್ಟಿಯಲ್ಲಿದೆ, ಏಕೆಂದರೆ ಒಂದೇ ಸೀಲ್ ನಿಮ್ಮ ಟ್ಯಾಲಿಯಲ್ಲಿ ಮೂರು ಹೆಸರಿನಲ್ಲಿ ಕುಳಿತಿರುತ್ತದೆ, ಹಳೆಯ ಗುಮಾಸ್ತರು ಇಟ್ಟದ್ದು ಒಂದು, ಹೊಸಬರು ಇಟ್ಟದ್ದು ಇನ್ನೊಂದು. ಮೆಕ್ಯಾನಿಕ್‌ಗಳು ಬಾಯಲ್ಲಿ ಕರೆಯುವ ಹೆಸರು ನಾಲ್ಕನೆಯದು, ಅದು ಎಲ್ಲೂ ದಾಖಲಾಗಿರುವುದಿಲ್ಲ. ನಿಮ್ಮ ಮಗನಿಗೆ ಉತ್ಸಾಹವಿದೆ ಎಂದಿರಲ್ಲ, ಗುಮಾಸ್ತರ ಪಕ್ಕದಲ್ಲಿ ಕೂರಿಸಿ ಮೊದಲು ಈ ಪಟ್ಟಿಯನ್ನು ತಿದ್ದಲು ಹೇಳಿ. ಹೆಚ್ಚು ಮಾರಾಟವಾಗುವ ಸರಕುಗಳಿಂದ ಶುರು ಮಾಡಲಿ, ಉಳಿದದ್ದು ಆಮೇಲೆ.