ಗೂಡಿನ ಫೋಟೊ ನಾವು ಯಾಕೆ ಹಾಕಲಿಲ್ಲ

ಓದುಗರ ಪತ್ರದಿಂದ: "ಎಂಟು ವರ್ಷದಿಂದ ಕೆನಡಾದ ಸಸ್ಕಾಚವಾನಿನಲ್ಲಿದ್ದೇನೆ. ಇಲ್ಲಿನ ಪ್ರೇರಿ ಹುಲ್ಲುಗಾವಲಿನಲ್ಲಿ ತೆಗೆದ ಮೆಡೊಲಾರ್ಕ್ ಹಕ್ಕಿಯ ಗೂಡಿನ ಚಿತ್ರಗಳನ್ನು ಕಳಿಸಿದ್ದೆ. ನೀವು ಹಾಕಲಿಲ್ಲ. ಉದ್ದ ಲೆನ್ಸ್‌ನಲ್ಲಿ ದೂರದಿಂದ ತೆಗೆದದ್ದು. ಅಡ್ಡ ಬಂದ ನಾಲ್ಕು ಹುಲ್ಲುಕಡ್ಡಿ ಸರಿಸಿದ್ದು ಬಿಟ್ಟರೆ ಏನನ್ನೂ ಮುಟ್ಟಿಲ್ಲ. ಚಿತ್ರ ನೋಡದೆ ಜನರಿಗೆ ಹಕ್ಕಿಯ ಮೇಲೆ ಪ್ರೀತಿ ಹುಟ್ಟೋದಾದರೂ ಹೇಗೆ?"

ಸಂಪಾದಕರ ಉತ್ತರ:

ನಿಮ್ಮ ಚಿತ್ರಗಳು ಚೆನ್ನಾಗಿವೆ. ಮರಿಗಳ ಹಳದಿ ಬಾಯಿ, ಹಿಂದೆ ಮಸುಕಾದ ಬೆಳಕು, ಎಲ್ಲ ಕೂಡಿ ಬಂದಿದೆ. ಚಿತ್ರ ನೋಡಿ ಹಕ್ಕಿಯ ಹಿಂದೆ ಬಿದ್ದವರು ಎಷ್ಟೋ ಜನ. ಆ ಮಾತು ಒಪ್ಪಿದೆ.

ಆದರೆ ಆ ನಾಲ್ಕು ಹುಲ್ಲುಕಡ್ಡಿ ಇದೆಯಲ್ಲ, ನನ್ನ ಜಗಳ ಅದರ ಜೊತೆ. ಮೆಡೊಲಾರ್ಕ್ ನೆಲದ ಮೇಲೆ ಗೂಡು ಕಟ್ಟುತ್ತದೆ. ಸುತ್ತ ಬೆಳೆದ ಹುಲ್ಲನ್ನೇ ಬಾಗಿಸಿ, ಹೆಣೆದು, ಮೇಲೊಂದು ಸೂರು ಮಾಡಿಕೊಳ್ಳುತ್ತದೆ. ನಿಮ್ಮ ಮೂರನೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎಡಗಡೆ ಹುಲ್ಲು ಬುಡದಲ್ಲೇ ಮುರಿದು ಬಿದ್ದಿದೆ. ಒಂದು ಮರಿಯ ಬೆನ್ನಿಗೆ ನೇರ ಬಿಸಿಲು ಬೀಳುತ್ತಿದೆ. ನೀವು ಸರಿಸಿದ್ದು ಅಡ್ಡ ಬಂದ ಹುಲ್ಲಲ್ಲ, ಆ ಮನೆಯ ಸೂರು. ಕಾವು ಕೂತಾಗ ಎಬ್ಬಿಸಿದರೆ ಈ ಹಕ್ಕಿ ಗೂಡನ್ನೇ ಬಿಟ್ಟು ಹೋಗುವುದುಂಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋದು ಇದಕ್ಕೇ ಅಲ್ವಾ?

ನಾನೂ ಇದನ್ನು ಮಾಡಿದ್ದೇನೆ. ಮೂವತ್ತು ವರ್ಷದ ಹಿಂದೆ ರಾಣೆಬೆನ್ನೂರಿನ ಕಡೆ ಒಂದು ಹುಲ್ಲುಗಾವಲಿನಲ್ಲಿ ನೆಲಗುಬ್ಬಿಯ ಗೂಡು ಸಿಕ್ಕಿತು. ಅಂಗೈಯಷ್ಟು ಗುಳಿ, ಎರಡು ಮೊಟ್ಟೆ. ಮುಂದಿದ್ದ ಹುಲ್ಲು ಕಿತ್ತು ಮಧ್ಯಾಹ್ನದವರೆಗೆ ಫೋಟೊ ತೆಗೆದೆ. ಮರುದಿನ ಹೋದರೆ ಗುಳಿ ಖಾಲಿ, ಪಕ್ಕದಲ್ಲಿ ಚಿಪ್ಪಿನ ಒಂದು ಚೂರು. ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ನೋಡಿದರು. "ಸಾಹೇಬ್ರ, ಹುಲ್ಲು ಕಿತ್ತು ಕಾಗಿಗೆ ದಾರಿ ಮಾಡಿಕೊಟ್ರಿ" ಅಂದರು. ಆ ರೋಲನ್ನು ನಾನು ತೊಳೆಸಲೇ ಇಲ್ಲ.

ಹಳೆಯ ಕಾಲದ ಹಕ್ಕಿ ಫೋಟೊಗ್ರಾಫರು ಗೂಡಿನ ಹತ್ತಿರವೇ ಕೂತರು, ನಿಜ. 1892ರಲ್ಲಿ ಇಂಗ್ಲೆಂಡಿನ ಚೆರಿ ಕಿಯರ್ಟನ್ ಗೂಡು, ಮೊಟ್ಟೆಯ ಚಿತ್ರ ತೆಗೆದರು. ಆಮೇಲೆ ಅಣ್ಣ ರಿಚರ್ಡ್ ಜೊತೆ ಸೇರಿ ಟೊಳ್ಳು ಎತ್ತಿನ ಬೊಂಬೆ ಮಾಡಿ, ಅದರೊಳಗೆ ಅಡಗಿ ಕೂತರು. ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಹತ್ತಿರ ಒಂದು ಕಣ್ಣನ್ನೇ ಕಳೆದುಕೊಂಡರು. ಅವರ ಕೈಯಲ್ಲಿದ್ದದ್ದು ಭಾರದ ಕ್ಯಾಮೆರಾ, ನಿಧಾನವಾಗಿ ಚಿತ್ರ ಹಿಡಿಯುವ ಗಾಜಿನ ಪ್ಲೇಟು. ಹಕ್ಕಿ ಮತ್ತೆ ಮತ್ತೆ ಬರುವ ಜಾಗ ಅಂದರೆ ಗೂಡೊಂದೇ. ಇವತ್ತು ಹಾರುವ ಹಕ್ಕಿಯ ರೆಕ್ಕೆಯ ಒಂದೊಂದು ಗರಿಯನ್ನೂ ಹಿಡಿಯುವ ಕ್ಯಾಮೆರಾ ನಿಮ್ಮ ಕೈಯಲ್ಲಿದೆ. ಗೂಡಿಗೇ ಯಾಕೆ ಹೋಗಬೇಕು?

ಕಾನೂನಿನ ಮಾತೂ ಇದೆ. ನೀವಿರುವ ದೇಶದಲ್ಲಿ ವಲಸೆ ಹಕ್ಕಿಗಳಿಗೆ 1917ರಿಂದಲೇ ಕಾಯ್ದೆ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಕಾಡುಹಕ್ಕಿಯ ಗೂಡಿಗೋ ಮೊಟ್ಟೆಗೋ ತೊಂದರೆ ಕೊಟ್ಟರೆ ಅದು 'ಬೇಟೆ' ಅನ್ನುವ ಪದದೊಳಗೇ ಬರುತ್ತದೆ. ಬಂದೂಕು ಹಿಡಿದವನಿಗೂ ಹುಲ್ಲು ಸರಿಸಿದವನಿಗೂ ಅಲ್ಲಿ ಒಂದೇ ಹೆಸರು.

"ಇಲ್ಲಿ ಈ ಹಕ್ಕಿಗಳು ಬೇಕಾದಷ್ಟಿವೆ" ಅಂತಲೂ ಬರೆದಿದ್ದೀರಿ. ಬೇಕಾದಷ್ಟು ಇದ್ದವು. 1970ರಿಂದ ಈಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 290 ಕೋಟಿ ಹಕ್ಕಿ ಕಡಿಮೆಯಾಗಿವೆ ಅಂತ 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅದರಲ್ಲಿ ಜಾಸ್ತಿ ಪೆಟ್ಟು ತಿಂದದ್ದು ಹುಲ್ಲುಗಾವಲಿನ ಹಕ್ಕಿಗಳೇ, ಅರ್ಧಕ್ಕಿಂತ ಹೆಚ್ಚು ಹೋಗಿವೆ. ಇದೆಲ್ಲ ಕ್ಯಾಮೆರಾದಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ಪ್ರೇರಿಯನ್ನು ಉತ್ತು ಗೋಧಿ ಬೆಳೆದರು, ಮೇಲೆ ಕೀಟನಾಶಕ ಸುರಿದರು. ಆದರೆ ಉಳಿದಿರುವ ತುಂಡು ನೆಲದಲ್ಲಿ ಉಳಿದಿರುವ ಒಂದೊಂದು ಗೂಡಿಗೂ ಬೆಲೆ ಬಂದಿದೆ.

ನಮ್ಮಲ್ಲೂ ಕಥೆ ಬೇರೆ ಅಲ್ಲ. ಮರ ಕಡಿದರೆ ಊರೇ ಬೀದಿಗೆ ಬರುತ್ತದೆ. ಹುಲ್ಲುಗಾವಲು ಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕಂದಾಯದ ಕಾಗದದಲ್ಲಿ ಅದು ಬಂಜರು, ಪಾಳು, ಖಾಲಿ ಜಾಗ. ರಾಣೆಬೆನ್ನೂರಿನ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರು. ಹಸಿರಾಯಿತು ಅಂತ ಸಂತೋಷಪಟ್ಟರು. ಅಲ್ಲಿದ್ದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಇಲ್ಲ. ಬಳ್ಳಾರಿಯ ಸಿರುಗುಪ್ಪದ ಕರಿಮಣ್ಣಿನ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಫೋಟೊಗಾಗಿ ಅಂಥ ಹಕ್ಕಿಯ ಹಿಂದೆ ಜೀಪು ಓಡಿಸಿದರೆ ಅದು ಎಲ್ಲಿಗೆ ಹೋಗಬೇಕು?

ನೀವು ಹಾಗೆ ಓಡಿಸುವವರಲ್ಲ. ಪತ್ರದಲ್ಲಿ ಆ ಹಕ್ಕಿಯ ಕೂಗಿನ ಬಗ್ಗೆ ಬರೆದ ಎರಡು ಸಾಲು ಓದಿದವನಿಗೆ ಅದು ಗೊತ್ತಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದೆ. ಗಂಡು ಮೆಡೊಲಾರ್ಕ್ ಬೇಲಿಯ ಕಂಬದ ಮೇಲೆ ಕೂತು, ಹಳದಿ ಎದೆಯ ಕಪ್ಪು ಪಟ್ಟಿ ಉಬ್ಬಿಸಿ ಹಾಡುತ್ತದಲ್ಲ, ರಸ್ತೆಯಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದಲೇ ಅದನ್ನು ತೆಗೆಯಿರಿ. ಜುಲೈ ಸಂಚಿಕೆಯಲ್ಲಿ ನಡುವಿನ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.